ಮೊದಲು ಮೇಜು ಅಳೆಯಿರಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ಹದಿನೈದು ವರ್ಷಗಳಿಂದ ಗೆಳೆಯರಿಗೆ, ನೆಂಟರಿಗೆ, ನೆಂಟರ ಗೆಳೆಯರಿಗೆ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದೇನೆ. ಇದು ನನ್ನ ಕಸುಬಲ್ಲ, ಚಟ. ಬರುವ ಫೋನುಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಥರ ಶುರುವಾಗುತ್ತವೆ. "ಸಾರ್, ಮೂರು ಮಾನಿಟರ್ ಹಾಕಿ ಗೇಮ್ ಆಡ್ಬೇಕು. ಬಜೆಟ್ ಕಮ್ಮಿ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಲಿ?" ನಾನು ಕೇಳುತ್ತೇನೆ, "ನಿಮ್ಮ ಮೇಜು ಎಷ್ಟು ಅಗಲ ಇದೆ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ತಮಾಷೆ ಮಾಡ್ತಿದ್ದಾನೆ ಅಂದುಕೊಳ್ಳುತ್ತಾರೆ.

ತಮಾಷೆ ಅಲ್ಲ. 24 ಇಂಚಿನ ಒಂದು ಮಾನಿಟರ್ ಅಂಚೂ ಸೇರಿ ಸುಮಾರು 54 ಸೆಂಟಿಮೀಟರ್ ಅಗಲ ಇರುತ್ತದೆ. ಸಾಲಾಗಿ ಮೂರು ಇಟ್ಟರೆ 162 ಸೆಂಟಿಮೀಟರ್, ಅಂದರೆ ಐದು ಅಡಿಗಿಂತ ಜಾಸ್ತಿ. ನಮ್ಮ ಮನೆಗಳಲ್ಲಿ, ಪಿಜಿಗಳಲ್ಲಿ ಇರುವ ಮೇಜು ನಾಲ್ಕಡಿ. 122 ಸೆಂಟಿಮೀಟರ್. ಅದರಲ್ಲಿ ಎರಡು ಕೂರುತ್ತವೆ, ಮೂರನೆಯದು ಗಾಳಿಯಲ್ಲಿ. ಪಕ್ಕದವನ್ನು ಒಳಕ್ಕೆ ತಿರುಗಿಸಿದರೆ ಅಗಲ ಉಳಿಯುತ್ತದೆ, ನಿಜ. ಆದರೆ ಆಗ ಅವು ಮುಂದಕ್ಕೆ ಬರುತ್ತವೆ. ಕೀಬೋರ್ಡ್ ಇಡುವ ಜಾಗ ಹೋಗುತ್ತದೆ. ಪೂರ್ತಿ ಸೆಟ್ ತಂದ ಮೇಲೆ ಒಂದು ಮಾನಿಟರನ್ನು ಬೀರುವಿನ ಮೇಲಿಟ್ಟವರನ್ನು ನಾನು ನೋಡಿದ್ದೇನೆ. ಅದಕ್ಕೇ ನನ್ನ ಲೆಕ್ಕ ಯಾವಾಗಲೂ ಮೇಜಿನಿಂದ ಶುರು. ಮೇಜಿನಿಂದ ಪರದೆಗೆ, ಪರದೆಯಿಂದ ಪೋರ್ಟಿಗೆ, ಪೋರ್ಟಿನಿಂದ ಕಾರ್ಡಿಗೆ. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮೇಜು ಅಳೆದಾಯ್ತಾ? ಈಗ ಎರಡನೇ ಪ್ರಶ್ನೆ. ಮೂರು ಪರದೆ ಯಾಕೆ ಬೇಕು?

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ ಓದುತ್ತಾನೆ. ಅವನಿಗೆ ವ್ಯಾಲೊರಂಟ್ ಅನ್ನುವ ಗುಂಡು ಹಾರಿಸುವ ಆಟದ ಹುಚ್ಚು. ಒಂದು ದಿನ ಫೋನ್ ಮಾಡಿದ. "ಮಾವ, ಮೂರು ಮಾನಿಟರ್ ಹಾಕಿದ್ರೆ ಪಕ್ಕದಿಂದ ಬರೋನೂ ಕಾಣ್ತಾನಲ್ವಾ?" ಇಲ್ಲ ಕಣೋ ಅಂದೆ. ಆ ಆಟ ನೋಟವನ್ನು ಅಗಲ 16ಕ್ಕೆ ಎತ್ತರ 9ರ ಚೌಕಟ್ಟಿನಲ್ಲೇ ಕಟ್ಟಿಹಾಕಿದೆ. ಎಷ್ಟು ಅಗಲದ ಪರದೆ ಕೊಟ್ಟರೂ ಅಷ್ಟೇ ತೋರಿಸಿ, ಉಳಿದ ಕಡೆ ಕಪ್ಪು ಪಟ್ಟಿ ಬಿಡುತ್ತದೆ. ದುಡ್ಡಿದ್ದವನಿಗೆ ಜಾಸ್ತಿ ಕಾಣಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ನನಗೆ ಅದು ಸರಿ ಅಂತಲೇ ಅನ್ನಿಸುತ್ತದೆ. ಇನ್ನಷ್ಟು ಕೇಳಿದಾಗ ಗೊತ್ತಾಯಿತು, ಅವನಿಗೆ ನಿಜವಾಗಿ ಬೇಕಿದ್ದದ್ದು ನಡುವೆ ಆಟ, ಎಡಕ್ಕೆ ಗೆಳೆಯರ ಜೊತೆ ಹರಟುವ ಡಿಸ್ಕಾರ್ಡ್, ಬಲಕ್ಕೆ ಯೂಟ್ಯೂಬಿನಲ್ಲಿ ಕ್ರಿಕೆಟ್. ಅಷ್ಟೇ.

ಇನ್ನೊಬ್ಬ ಗೆಳೆಯ ಚಿತ್ರದುರ್ಗದವನು. ಯುರೋ ಟ್ರಕ್ ಸಿಮ್ಯುಲೇಟರ್ ಆಡುತ್ತಾನೆ. ಸ್ಟಿಯರಿಂಗ್, ಪೆಡಲ್ ಎಲ್ಲ ಇದೆ. ಬಸ್ಸಿನ ಮಾಡ್, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ತುಣುಕು, ಹಾಕಿ, ಅದಕ್ಕೆ ಐರಾವತದ ಬಣ್ಣ ಬಳಿದು, ಜರ್ಮನಿಯ ಹೈವೇಯಲ್ಲಿ ಓಡಿಸುತ್ತಾನೆ. ಅವನಿಗೆ ಮೂರು ಪರದೆ ಶೋಕಿಯಲ್ಲ. 24 ಇಂಚಿನ ಪರದೆಯ ಮುಂದೆ ಎರಡಡಿ ದೂರದಲ್ಲಿ ಕೂತರೆ ಅದು ಕಣ್ಣಿನ ಮುಂದೆ ತುಂಬುವುದು ಸುಮಾರು 48 ಡಿಗ್ರಿ ಮಾತ್ರ. ಬಸ್ಸಿನ ಗಾಜು ಕಾಣುತ್ತದೆ, ಕನ್ನಡಿ ಕಾಣುವುದಿಲ್ಲ. ಮೂರನ್ನು ಸುತ್ತುವರಿದಂತೆ ಇಟ್ಟರೆ 140 ಡಿಗ್ರಿ ಮುಟ್ಟುತ್ತದೆ. ಆಗ ಎಡ ಕನ್ನಡಿ ಎಡ ಪರದೆಯಲ್ಲಿ ಇರುತ್ತದೆ, ಕತ್ತು ಹೊರಳಿಸಿ ನೋಡಬಹುದು. ನಿಜವಾದ ಡ್ರೈವರ್ ಮಾಡುವುದೂ ಅದನ್ನೇ ಅಲ್ವಾ?

ಇವರಿಬ್ಬರ ಕಂಪ್ಯೂಟರಿಗೆ ಬೇಕಾದ ಸಾಮಾನು ಬೇರೆ ಬೇರೆ. ಮೊದಲನೆಯದು ಅಗ್ಗ, ಎರಡನೆಯದು ಅಲ್ಲ. ಯಾಕೆ ಅಂತ ಒಂದು ಗುಣಾಕಾರ ಮಾಡೋಣ. 1920 ಗುಣಿಸು 1080, ಇಪ್ಪತ್ತು ಲಕ್ಷದ ಎಪ್ಪತ್ತಮೂರು ಸಾವಿರ ಚುಕ್ಕೆ. ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕೆಗೆ ಬಣ್ಣ ಹಾಕುವುದು ಕಾರ್ಡಿನ ಕೆಲಸ. ಆಟ ಮೂರು ಪರದೆಗೂ ಹರಡಿದರೆ 62 ಲಕ್ಷ. 4ಕೆ ಪರದೆಯಲ್ಲಿ ಇರುವುದು 83 ಲಕ್ಷ. ಅಂದರೆ ಮೂರು ಸಾಧಾರಣ ಮಾನಿಟರಿನಲ್ಲಿ ಆಡುವವನು 4ಕೆಯ ಮುಕ್ಕಾಲು ಭಾರ ಹೊರುತ್ತಿದ್ದಾನೆ. ನೋಟ ಅಗಲವಾದಷ್ಟೂ ಮರ, ಮನೆ, ಗಾಡಿ ಜಾಸ್ತಿ ಕಾಣುತ್ತವೆ. ಅವನ್ನೆಲ್ಲ ಲೆಕ್ಕ ಹಾಕುವ ಕೆಲಸ ಪ್ರೊಸೆಸರಿಗೂ ಬೀಳುತ್ತದೆ.

ಅಕ್ಕನ ಮಗನ ಲೆಕ್ಕ ನೋಡಿ. ಆಟ ಒಂದೇ ಪರದೆಯಲ್ಲಿ. ಪಕ್ಕದ ಪರದೆ ಸುಮ್ನೆ ಇದ್ದರೆ ಕಾರ್ಡಿನ ಮೆಮೊರಿಯಲ್ಲಿ ಅದರ ಚಿತ್ರ ಹಿಡಿಯುವ ಜಾಗ ಚುಕ್ಕೆಗೆ ನಾಲ್ಕು ಬೈಟಿನಂತೆ ಎಂಟು ಎಂಬಿ ಚಿಲ್ಲರೆ. 8 ಜಿಬಿ ಕಾರ್ಡಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಎರಡನೇ ಮಾನಿಟರ್ ಹಾಕಿದ ಮೇಲೆ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ, ಬಿತ್ತು ಅಂತ ದೂರುವವರು ಮಾನಿಟರನ್ನು ಬೈಯುತ್ತಾರೆ. ಬೈಯಬೇಕಾದದ್ದು ಅದರಲ್ಲಿ ಓಡುತ್ತಿರುವ ವಿಡಿಯೊವನ್ನು, ನಲವತ್ತು ಟ್ಯಾಬ್ ತೆರೆದ ಬ್ರೌಸರನ್ನು.

ಸರಿ, ಪರದೆ ಕೊಳ್ಳೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ದುಡ್ಡು ಉಳಿಯುವುದು ಇಲ್ಲೇ.

ಬೆಂಗಳೂರಿನ ಎಸ್.ಪಿ. ರಸ್ತೆ ಗೊತ್ತಲ್ಲ? ಸಾದರ ಪತ್ರಪ್ಪ ರಸ್ತೆ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆದುಕೊಂಡು ಹೋಗಬಹುದು. ಕಂಪನಿಗಳು ಆಫೀಸು ಬದಲಿಸುವಾಗ, ಮಾನಿಟರುಗಳನ್ನು ಒಟ್ಟಿಗೆ ತೆಗೆದುಹಾಕುವಾಗ, ಆ ಸರಕು ಇಲ್ಲಿಗೂ ಬರುತ್ತದೆ. ಆಫೀಸಿನ ಮಾನಿಟರ್ ಅಂದರೆ ಹೆಚ್ಚಾಗಿ ಓರೆಯಿಂದಲೂ ಬಣ್ಣ ಕೆಡದ ಒಳ್ಳೆಯ ಐಪಿಎಸ್ ಪ್ಯಾನೆಲ್, ಎತ್ತರ ತಗ್ಗು ಮಾಡಬಹುದಾದ ಸ್ಟ್ಯಾಂಡ್. 60 ಹರ್ಟ್ಸ್ ಮಾತ್ರ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಪಕ್ಕದ ಪರದೆಗೆ ಅಷ್ಟು ಸಾಕು. ಡಿಸ್ಕಾರ್ಡಿನ ಮೆಸೇಜ್ ಓದಲು 144 ಹರ್ಟ್ಸ್ ಯಾರಿಗೆ ಬೇಕು? ಹಾಗಾಗಿ ನನ್ನ ಸಲಹೆ, ನಡುವಿನ ಮಾನಿಟರ್ ಹೊಸದು ತೆಗೆದುಕೊಳ್ಳಿ, ಒಳ್ಳೆಯದು ತೆಗೆದುಕೊಳ್ಳಿ. ಪಕ್ಕದವು ಹಳೆಯವಾದರೂ ನಡೆಯುತ್ತದೆ.

ಹಳೆಯದು ಕೊಳ್ಳುವಾಗ ಅಂಗಡಿಯಲ್ಲೇ ಹಚ್ಚಿಸಿ ನೋಡಿ. ಫೋನಿನಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರ ಇಟ್ಟುಕೊಂಡು ಹೋಗಿ, ಅಂಗಡಿಯ ಕಂಪ್ಯೂಟರಿಗೆ ಕಳಿಸಿ ತೆರೆಸಿ. ಬಿಳಿಯಲ್ಲಿ ಹಳದಿ ಮಚ್ಚೆ, ಕಪ್ಪಿನಲ್ಲಿ ಮೂಲೆಯ ಬೆಳಕು, ಸತ್ತ ಚುಕ್ಕೆ ಎಲ್ಲ ಕಾಣುತ್ತವೆ. ಹತ್ತು ನಿಮಿಷ ಹಚ್ಚಿಯೇ ಬಿಡಿ. ಬಿಸಿಯಾದ ಮೇಲೆ ಮಿನುಗುವ ಮಾನಿಟರುಗಳಿರುತ್ತವೆ. ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಹಳೆಯ ಟಿಎನ್ ಪ್ಯಾನೆಲ್ ಆದರೆ ಓರೆಯಿಂದ ಬಣ್ಣ ತಿರುಗುತ್ತದೆ. ಪಕ್ಕದ ಪರದೆಯನ್ನು ನೀವು ಯಾವಾಗಲೂ ಓರೆಯಿಂದಲೇ ನೋಡುವವರು. ಕೊನೆಗೆ ಹಿಂಭಾಗದಲ್ಲಿ ಚೌಕದ ನಾಲ್ಕು ಸ್ಕ್ರೂ ತೂತು ಇವೆಯಾ ನೋಡಿ, ಒಂದರಿಂದ ಒಂದಕ್ಕೆ 100 ಮಿಲಿಮೀಟರ್ ಅಥವಾ 75. ಅವು ಇದ್ದರೆ ನಾಳೆ ಗೋಡೆಗೋ ಮಾನಿಟರ್ ಹಿಡಿಯುವ ತೋಳಿಗೋ ತಗುಲಿಸಬಹುದು. ಆಗ ನಾಲ್ಕಡಿ ಮೇಜಿನ ಕಷ್ಟ ಅರ್ಧ ತೀರುತ್ತದೆ.

ಇನ್ನೊಂದು ಮುಖ್ಯ ವಿಷಯ, ಹಿಂದಿನ ಪೋರ್ಟುಗಳು. ತೀರಾ ಅಗ್ಗಕ್ಕೆ ಸಿಗುವ ಮಾನಿಟರಿನಲ್ಲಿ ವಿಜಿಎ, ಅಂದರೆ ಹಳೆಯ ಕಾಲದ ಅನಲಾಗ್ ಪೋರ್ಟ್, ಮಾತ್ರ ಇರುತ್ತದೆ. ಇವತ್ತಿನ ಕಾರ್ಡುಗಳಿಂದ ಅನಲಾಗ್ ಸಿಗ್ನಲ್ ಹೊರಗೇ ಬರುವುದಿಲ್ಲ. ಈಗಿನ ಟಿವಿಗಳಲ್ಲೂ ಇರುವ ಎಚ್‌ಡಿಎಂಐಯಿಂದ ವಿಜಿಎಗೆ ಹೋಗಲು ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಅದರ ಖರ್ಚು, ಮಸುಕಾದ ಅಕ್ಷರ, ಎರಡೂ ಸೇರಿ ಅಗ್ಗ ಅನ್ನುವುದು ಅಗ್ಗವಾಗಿ ಉಳಿಯುವುದಿಲ್ಲ. ಡಿವಿಐ, ಅಂದರೆ ಎಚ್‌ಡಿಎಂಐಗಿಂತ ಹಿಂದಿನ ಡಿಜಿಟಲ್ ಪೋರ್ಟ್, ಇದ್ದರೆ ಹೆದರಬೇಡಿ. ಎಚ್‌ಡಿಎಂಐ ಮತ್ತು ಡಿವಿಐಯ ಡಿಜಿಟಲ್ ಸಿಗ್ನಲ್ ಒಂದೇ ಜಾತಿಯದು. ಸಾದಾ ಕೇಬಲ್ ಸಾಕು, ಸದ್ದು ಮಾತ್ರ ಬರದಿರಬಹುದು.

ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. 2013. ಕೈಯಲ್ಲಿ ಮೊದಲ ಕೆಲಸದ ಸಂಬಳ. ಎಸ್.ಪಿ. ರಸ್ತೆಯಿಂದ ಮೂರು ಹಳೆಯ ಮಾನಿಟರ್ ಆಟೊದಲ್ಲಿ ಹಾಕಿಕೊಂಡು ಮತ್ತಿಕೆರೆಯ ರೂಮಿಗೆ ತಂದೆ. ತೊಡೆಯ ಮೇಲೆ ಒಂದು, ಪಕ್ಕದಲ್ಲಿ ಎರಡು. ಕಾರ್ಡಿನಲ್ಲಿ ಎರಡು ಡಿವಿಐ, ಒಂದು ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅನ್ನುವ ಇನ್ನೊಂದು ಬಗೆಯ ಡಿಜಿಟಲ್ ಪೋರ್ಟ್ ಒಂದು. ಎರಡು ಡಿವಿಐ, ಒಂದು ಎಚ್‌ಡಿಎಂಐ ಸೇರಿ ಮೂರಾಯಿತಲ್ಲ ಅಂತ ಮೂರಕ್ಕೂ ಚುಚ್ಚಿದೆ. ಎರಡು ಹತ್ತಿದವು, ಮೂರನೆಯದು ಹತ್ತಲಿಲ್ಲ. ಮಾನಿಟರ್ ಅದಲುಬದಲು ಮಾಡಿದೆ. ಯಾವ ಎರಡನ್ನು ಹಾಕಿದರೂ ಹತ್ತುತ್ತವೆ, ಮೂರನೆಯದು ಮಾತ್ರ ಇಲ್ಲ. ಕೇಬಲ್ ಹಾಳು ಅಂತ ಅಂಗಡಿಗೆ ಎರಡು ಸಲ ಹೋಗಿ ಜಗಳ ಬೇರೆ ಆಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ವಿಷಯ ಏನೆಂದರೆ, ಡಿವಿಐ ಮತ್ತು ಎಚ್‌ಡಿಎಂಐ ಪರದೆ ಒಂದೊಂದಕ್ಕೂ ಅದರದೇ ತಾಳ ಬೇಕು, ಅಂದರೆ ಕ್ಲಾಕ್. ಆ ಕಾಲದ ಎಷ್ಟೋ ಕಾರ್ಡುಗಳಲ್ಲಿ ತಾಳ ಹಾಕುವವರು ಇಬ್ಬರೇ ಇರುತ್ತಿದ್ದರು. ಮೂರನೇ ಪರದೆಗೆ ತಾಳವೇ ಇಲ್ಲ. ಡಿಸ್‌ಪ್ಲೇಪೋರ್ಟ್ ಹಾಗಲ್ಲ. ಅದು ಕೋಲಾಟದಂತೆ, ಒಂದೇ ತಾಳಕ್ಕೆ ಎಷ್ಟು ಜನ ಬೇಕಾದರೂ ಕುಣಿಯಬಹುದು. ಖಾಲಿ ಬಿಟ್ಟಿದ್ದ ಆ ನಾಲ್ಕನೇ ಪೋರ್ಟಿಗೆ ಚಿಪ್ ಇರುವ ಕನ್ವರ್ಟರ್ ಹಾಕಿದ ಕೂಡಲೇ ಮೂರನೇ ಪರದೆ ಹತ್ತಿತು. ಸಾದಾ ಕನ್ವರ್ಟರ್ ಆಗಿದ್ದರೆ ಹತ್ತುತ್ತಿರಲಿಲ್ಲ. ಅದು ಡಿಸ್‌ಪ್ಲೇಪೋರ್ಟನ್ನೇ ಎಚ್‌ಡಿಎಂಐ ವೇಷ ಹಾಕಿಸಿ ನಿಲ್ಲಿಸುತ್ತದೆ, ಆಗ ಮತ್ತೆ ತಾಳ ಬೇಕು.

ಇವತ್ತಿನ ಬಹುತೇಕ ಕಾರ್ಡುಗಳಲ್ಲಿ ಈ ತೊಂದರೆ ಇಲ್ಲ. ಆದರೆ ಹಳೆಯ ಕಾರ್ಡ್ ಕೊಳ್ಳುವವರು ನೆನಪಿಡಿ. ಹೊಸದರಲ್ಲೂ ಒಂದು ಗುಂಡಿ ಇದೆ. ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅನ್ನುವ ಕಾರ್ಡ್ ಕಡಿಮೆ ಬೆಲೆಗೆ ಕಣ್ಣು ಕುಕ್ಕುತ್ತದೆ. ಅದರ ಚಿಪ್ಪಿನಲ್ಲೇ ಎರಡು ಪರದೆಗೆ ಮಾತ್ರ ದಾರಿ ಇದೆ. ಮೂರು ಪರದೆಯ ಆಸೆ ಇದ್ದವರು ಅದರ ಕಡೆ ನೋಡಲೇಬೇಡಿ. ಸಾಲದ್ದಕ್ಕೆ ಅದು ಮದರ್‌ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನಿನಲ್ಲಿ, ಅಂದರೆ ನಾಲ್ಕೇ ಸಾಲಿನ ದಾರಿಯಲ್ಲಿ. ಆ ದಾರಿಯ ಹಳೆಯ ತಲೆಮಾರಾದ ಪಿಸಿಐಇ 3.0 ಇರುವ ಬೋರ್ಡಿಗೆ ಹಾಕಿದರೆ ಇನ್ನೂ ಸೊರಗುತ್ತದೆ. ಈಚಿನ ಆರ್‌ಎಕ್ಸ್ 9060 ಎಕ್ಸ್‌ಟಿ ಒಳ್ಳೆಯ ಕಾರ್ಡ್, ಆದರೆ ಎಷ್ಟೋ ಮಾದರಿಗಳಲ್ಲಿ ಮೂರೇ ಪೋರ್ಟ್. ಮೂರು ಪರದೆಗೆ ಸರಿಹೋಯಿತು, ಟಿವಿಗೆ ನಾಲ್ಕನೆಯದು ಬೇಕು ಅಂದರೆ ಇಲ್ಲ. ಕಾರ್ಡಿನ ಹೆಸರು ನೋಡಿ ತೃಪ್ತಿಪಡಬೇಡಿ. ಡಬ್ಬಿ ತಿರುಗಿಸಿ ಹಿಂಭಾಗದ ಚಿತ್ರ ನೋಡಿ, ಪೋರ್ಟ್ ಎಣಿಸಿ. ಒಂದೇ ಚಿಪ್ ಇದ್ದರೂ ಕಂಪನಿಯಿಂದ ಕಂಪನಿಗೆ ಪೋರ್ಟ್ ಬದಲಾಗುತ್ತವೆ.

ಹಾಗಾದರೆ ಯಾವ ಕಾರ್ಡ್? ಅಕ್ಕನ ಮಗನಿಗೆ ಆರ್‌ಎಕ್ಸ್ 6600 ಹಾಕಿಕೊಟ್ಟೆ. 8 ಜಿಬಿ, 132 ವ್ಯಾಟ್. ಸಾದಾ ಪರದೆಯಲ್ಲಿ ಆಡುವವನಿಗೆ ಹೊಟ್ಟೆ ತುಂಬುವಷ್ಟಾಯಿತು. 2021ರ ಕಾರ್ಡ್, ಈಗ ಎಲ್ಲ ಕಡೆ ಸಿಗುವುದಿಲ್ಲ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಅಥವಾ 5050 ಅದೇ ಜಾಗಕ್ಕೆ ಬರುತ್ತವೆ. ಆರ್‌ಟಿಎಕ್ಸ್ 3050 ಕೇಳಿದರೆ 8 ಜಿಬಿಯೋ 6 ಜಿಬಿಯೋ ಅಂತ ಕೇಳಿ ತಿಳಿದುಕೊಳ್ಳಿ. ಮೆಮೊರಿ ಮಾತ್ರ ಅಲ್ಲ, 6 ಜಿಬಿಯದರಲ್ಲಿ ಲೆಕ್ಕ ಮಾಡುವ ಕೋರುಗಳೂ ಕಮ್ಮಿ. ಹೆಸರು ಒಂದೇ, ಒಳಗಿನ ಸರಕು ಬೇರೆ.

ಚಿತ್ರದುರ್ಗದ ಗೆಳೆಯನಿಗೆ ಅದು ಸಾಲದು. 62 ಲಕ್ಷ ಚುಕ್ಕೆಗೆ 12 ಜಿಬಿ ಮೆಮೊರಿ ಇದ್ದರೆ ನೆಮ್ಮದಿ. ಅವನಿಗೆ ಹಳೆಯ ಆರ್‌ಟಿಎಕ್ಸ್ 3060 ಹುಡುಕಿದೆ. ಹೊಸದರಲ್ಲಿ ಇಂಟೆಲ್ ಆರ್ಕ್ ಬಿ580 ಕೂಡ 12 ಜಿಬಿಯದು. ಆದರೆ ಅದಕ್ಕೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್, ಅಂದರೆ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟುವ ಸೌಲಭ್ಯ, ಬೇಕೇ ಬೇಕು, ಹಳೆಯ ಪ್ರೊಸೆಸರ್ ಜೊತೆ ಅದು ಮುನಿಸಿಕೊಳ್ಳುತ್ತದೆ. ಗೆಳೆಯ ನೆರಳು, ಕನ್ನಡಿಯ ಗುಣಮಟ್ಟ ಎರಡು ಮೆಟ್ಟಿಲು ಇಳಿಸಿಕೊಂಡು 60 ಎಫ್‌ಪಿಎಸ್ ಹತ್ತಿರ ಆಡುತ್ತಾನೆ. ಬಸ್ಸು ಓಡಿಸಲು 60 ಧಾರಾಳ. ಅವನ ಮೂರೂ ಮಾನಿಟರ್ ಒಂದೇ ಮಾದರಿಯವು. ಮೂರನ್ನೂ ಒಂದೇ ಪರದೆ ಅಂತ ನಂಬಿಸಿ ಆಡುವವರಿಗೆ ಇದು ಮುಖ್ಯ. ಅಳತೆ, ರೆಸಲ್ಯೂಶನ್, ಹರ್ಟ್ಸ್ ಹೊಂದದಿದ್ದರೆ ರಸ್ತೆ ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವಾಗ ಮುರಿದು ಕಾಣುತ್ತದೆ.

ಹೀಗೆ ಹರಡುವ ಕಲೆ ಹೊಸದೇನಲ್ಲ. ಎಎಂಡಿ 2009ರಲ್ಲೇ ಐಫಿನಿಟಿ ಅಂತ ತಂದಿತು. ಎನ್‌ವಿಡಿಯಾ ಮರುವರ್ಷ ಸರೌಂಡ್ ತಂದಾಗ ಮೂರು ಪರದೆಗೆ ಎರಡು ಕಾರ್ಡ್ ಬೇಕಾಗುತ್ತಿತ್ತು. 2012ರ ಜಿಟಿಎಕ್ಸ್ 680 ಬಂದ ಮೇಲೆ ಒಂದೇ ಕಾರ್ಡ್ ಸಾಕಾಯಿತು. ಆಗ ಅದು ಶ್ರೀಮಂತರ ಆಟ. ಈಗ ಇಲ್ಲಿ ಕೂತು ಪಿಜಿ ಮೇಜಿನ ಅಳತೆ ಮಾತಾಡುತ್ತಿದ್ದೇವೆ.

ಪ್ರೊಸೆಸರ್ ವಿಷಯದಲ್ಲಿ ಎಲ್ಲರಿಗಿಂತ ಬೇರೆಯದನ್ನೇ ಹೇಳುತ್ತೇನೆ, ಜಗಳಕ್ಕೆ ಬನ್ನಿ. ಬಜೆಟ್ ಪಟ್ಟಿಗಳಲ್ಲೆಲ್ಲ ಇಂಟೆಲ್‌ನ ಐ5 12400ಎಫ್ ಇರುತ್ತದೆ. ಆ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಒಂದು ಪರದೆಯವನಿಗೆ ಅದು ಸರಿ. ಹಲವು ಪರದೆಯವರು ಸ್ವಲ್ಪ ಜಾಸ್ತಿ ಕೊಟ್ಟು ಎಫ್ ಇಲ್ಲದ 12400 ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಆಗ ಪಕ್ಕದ ಪರದೆಗಳನ್ನು ಮದರ್‌ಬೋರ್ಡಿನ ಪೋರ್ಟಿಗೇ ಚುಚ್ಚಬಹುದು. ಕಾರ್ಡಿನ ಪೋರ್ಟ್ ಉಳಿಯುತ್ತದೆ, ಪಕ್ಕದ ಪರದೆಗೆ ಚಿತ್ರ ಕಳಿಸುವ ಕೆಲಸ ಪ್ರೊಸೆಸರಿನ ಗ್ರಾಫಿಕ್ಸಿಗೆ ಹೋಗುತ್ತದೆ. ಕಾರ್ಡ್ ಕೈಕೊಟ್ಟ ದಿನ ಪ್ರಾಜೆಕ್ಟ್ ರಿಪೋರ್ಟ್ ಬರೆಯಲಾದರೂ ಚಿತ್ರ ಬರುತ್ತದೆ. ಎಎಂಡಿಯ ರೈಜೆನ್ 7600ರಲ್ಲೂ ಪುಟ್ಟದೊಂದು ಗ್ರಾಫಿಕ್ಸ್ ಇದೆ. ರೈಜೆನ್ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಎಷ್ಟೋ ಬೋರ್ಡುಗಳು ಕಾರ್ಡ್ ಹಾಕಿದ ಕೂಡಲೇ ಒಳಗಿನ ಗ್ರಾಫಿಕ್ಸನ್ನು ಮಲಗಿಸಿಬಿಡುತ್ತವೆ. ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸಿಗೆ ಹೋಗಿ ಎಬ್ಬಿಸಬೇಕು. ಮತ್ತೆ, ಇದು ಅಕ್ಕನ ಮಗನ ಥರದವರಿಗೆ ಮಾತ್ರ. ಆಟವನ್ನೇ ಮೂರಕ್ಕೂ ಹರಡುವವರ ಮೂರೂ ಕೇಬಲ್ ಕಾರ್ಡಿನಿಂದಲೇ ಹೊರಡಬೇಕು.

ಈ ಸೌಲಭ್ಯದಿಂದ ಒಂದು ಅಪಾಯವೂ ಇದೆ. ಗಡಿಬಿಡಿಯಲ್ಲಿ ನಡುವಿನ ಮಾನಿಟರನ್ನೂ ಮದರ್‌ಬೋರ್ಡಿಗೆ ಚುಚ್ಚುವವರು. ಕಾರ್ಡ್ ಸುಮ್ನೆ ಕೂತಿರುತ್ತದೆ, ಆಟ ಕುಂಟುತ್ತದೆ. "ಅಂಕಲ್, ಕಾರ್ಡ್ ಡೂಪ್ಲಿಕೇಟ್ ಕೊಟ್ಟಿದ್ದಾರೆ" ಅಂತ ರಾತ್ರಿ ಹನ್ನೊಂದಕ್ಕೆ ಫೋನ್. ನಾನು ಕೇಬಲ್ ಎಲ್ಲಿದೆ ನೋಡಪ್ಪ ಅನ್ನುತ್ತೇನೆ. ಒಂದು ನಿಮಿಷದ ಮೌನ, ಆಮೇಲೆ "ಸಾರಿ ಅಂಕಲ್".

ರಾಮ್, ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಮ್ 16 ಜಿಬಿ, ಎಂಟೆಂಟರ ಎರಡು ಕಡ್ಡಿ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿನಿಂದ ರಾಮ್ ಬೆಲೆ ಜಿಗಿದದ್ದು ನಿಮಗೆಲ್ಲ ಗೊತ್ತು. 32 ಹಾಕಿ ಅಂತ ಸಲೀಸಾಗಿ ಹೇಳುವ ಕಾಲ ಹೋಯಿತು. ಹಳೆಯ ಕಂಪ್ಯೂಟರಿನ ಡಿಡಿಆರ್4 ಕಡ್ಡಿ ಮನೆಯಲ್ಲಿದ್ದರೆ ಅದನ್ನು ನುಂಗುವ ಬೋರ್ಡನ್ನೇ ಹುಡುಕಿ. ಮೊದಲೆಲ್ಲ ನನ್ನ ಹಂಚಿಕೆ ಹೀಗಿರುತ್ತಿತ್ತು: ನೂರು ರೂಪಾಯಿಯಲ್ಲಿ ಕಾರ್ಡಿಗೆ 35, ಪರದೆಗಳಿಗೆ 25, ಪ್ರೊಸೆಸರ್ ಮತ್ತು ಬೋರ್ಡಿಗೆ 20, ರಾಮ್ ಮತ್ತು ಎಸ್‌ಎಸ್‌ಡಿಗೆ 12, ಉಳಿದದ್ದು ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್‌ಗೆ. ಈಗ ರಾಮ್ ಆ ಹನ್ನೆರಡಕ್ಕೆ ಬಗ್ಗುವುದಿಲ್ಲ. ನಾನು ಪರದೆಯಿಂದ ಕಡಿತ ಮಾಡುತ್ತೇನೆ, ಮೂರರ ಬದಲು ಎರಡು. ಎಸ್‌ಎಂಪಿಎಸ್ಸಿನಿಂದ ಮಾತ್ರ ಒಂದು ರೂಪಾಯಿಯನ್ನೂ ಕಡಿಯುವುದಿಲ್ಲ.

ಎಸ್‌ಎಂಪಿಎಸ್ ಅಂದಾಗ ನೆನಪಾಯಿತು. "ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ" ಅನ್ನುತ್ತಾರೆ. ಆ ಫ್ರೀ ಡಬ್ಬಿಯ ಮೇಲೆ 450 ವ್ಯಾಟ್ ಅಂತ ಚೀಟಿ ಇರುತ್ತದೆ. ಕೈಯಲ್ಲಿ ಎತ್ತಿ ನೋಡಿ, ಖಾಲಿ ತಿಂಡಿ ಡಬ್ಬಿಯಷ್ಟು ಹಗುರ. ಆರ್‌ಎಕ್ಸ್ 6600ಕ್ಕೆ ಒಳ್ಳೆಯ 450 ವ್ಯಾಟ್ ಸಾಕು, 4060ಕ್ಕೆ 550. ಒಳ್ಳೆಯ ಅನ್ನುವ ಪದದ ಮೇಲೆ ಒತ್ತು.

ಇನ್ನು ಕರೆಂಟ್. ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದೆ ಆಗುವುದಿಲ್ಲ ಅಲ್ವಾ? 600 ವಿಎ ಅಂದರೆ 600 ವ್ಯಾಟ್ ಅಲ್ಲ. ಮಾಮೂಲಿ ಮಾದರಿಗಳಲ್ಲಿ 360 ವ್ಯಾಟ್. ಆಟ ನಡೆಯುವಾಗ ಕಂಪ್ಯೂಟರ್ 230, ಮೂರು ಪರದೆ ತಲಾ 20ರಿಂದ 25. ಒಟ್ಟು 300 ಆಯಿತು. ಅದರ ಮೇಲೆ ಯಾರೋ ಸ್ಪೀಕರ್, ವೈಫೈ ರೂಟರ್, ಫ್ಯಾನ್ ಎಲ್ಲ ಅದಕ್ಕೇ ಚುಚ್ಚಿರುತ್ತಾರೆ. ಕರೆಂಟ್ ಹೋದ ಕೂಡಲೇ ಕೀಂ ಅಂತ ಕೂಗಿ ಎಲ್ಲ ಆರಿಹೋಗುತ್ತದೆ. ಕಂಪ್ಯೂಟರ್ ಮತ್ತು ನಡುವಿನ ಪರದೆ ಯುಪಿಎಸ್‌ಗೆ, ಪಕ್ಕದವು ಗೋಡೆಯ ಪ್ಲಗ್ಗಿಗೆ. ಕತ್ತಲಾದಾಗ ಪಕ್ಕದವು ಆರಿದರೂ ಆಟ ಉಳಿಸಿ ಮುಚ್ಚಲು ಒಂದು ಪರದೆ ಸಾಕು.

300 ವ್ಯಾಟಿನಂತೆ ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 36 ಯೂನಿಟ್. ಮನೆಯವರು ಗೃಹಜ್ಯೋತಿಯಲ್ಲಿದ್ದು, ಬಳಕೆ 170ರ ಹತ್ತಿರ ಇದ್ದರೆ ಲೆಕ್ಕ ಹಾಕಿ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಆ ತಿಂಗಳು ಅಮ್ಮ ನಿಮ್ಮ ಮೂರು ಪರದೆಯ ಕಡೆ ನೋಡುವ ನೋಟ ಯಾವ ಆಟದಲ್ಲೂ ಇಲ್ಲ.

ಆಡದೆ ಸುಮ್ನೆ ಹಚ್ಚಿಟ್ಟಾಗಲೂ ಒಂದು ಸಣ್ಣ ಸೋರಿಕೆ ಇದೆ. ಒಂದು ಪರದೆ ಇದ್ದಾಗ ಕೆಲಸ ಇಲ್ಲದಿದ್ದರೆ ಕಾರ್ಡ್ ತನ್ನ ಮೆಮೊರಿಯ ವೇಗ ಇಳಿಸಿಕೊಳ್ಳುತ್ತದೆ. ವೇಗ ಬದಲಿಸಲು ಅದಕ್ಕೆ ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಬೇಕು. 144 ಹರ್ಟ್ಸಿನದು ಒಂದು, 60 ಹರ್ಟ್ಸಿನವು ಎರಡು ಇದ್ದರೆ ಎಲ್ಲಕ್ಕೂ ಒಟ್ಟಿಗೆ ಬಿಡುವು ಸಿಗುವುದಿಲ್ಲ. ಆಗ ಎಷ್ಟೋ ಕಾರ್ಡುಗಳು ಮೆಮೊರಿಯನ್ನು ಪೂರ್ತಿ ವೇಗದಲ್ಲೇ ಓಡಿಸುತ್ತಿರುತ್ತವೆ. ಫ್ಯಾನ್ ತಿರುಗುತ್ತದೆ, ಬಿಸಿ ಬರುತ್ತದೆ. ಕಾರ್ಡ್ ಹಾಳಾಗಿಲ್ಲ. ಆಡದ ಹೊತ್ತಿನಲ್ಲಿ ನಡುವಿನದನ್ನು 120ಕ್ಕೆ ಇಳಿಸಿ ನೋಡಿ, ಕೆಲವು ಸಲ ಅದೇ ಮದ್ದು.

ಜೋಡಿಸಿದ ಮೇಲೆ ವಿಂಡೋಸಿನಲ್ಲಿ ಮೂರು ಕೆಲಸ ಮರೆಯಬೇಡಿ. ಪರದೆಗಳ ಚಿತ್ರ ಎಳೆದು ನಿಜವಾದ ಸಾಲಿನಲ್ಲಿ ಇಡಿ, ಇಲ್ಲದಿದ್ದರೆ ಎಡಕ್ಕೆ ಹೋದ ಮೌಸ್ ಬಲದಿಂದ ಹೊರಬರುತ್ತದೆ. ನಡುವಿನದರ ಹರ್ಟ್ಸ್ ನೀವೇ ಏರಿಸಿ. 144ರ ಮಾನಿಟರ್ ಕೊಂಡು ವರ್ಷಗಟ್ಟಲೆ 60ರಲ್ಲಿ ಆಡಿದವರಿದ್ದಾರೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ, ಗೊತ್ತಾಯಿತು ಬಿಡಿ. ಆಮೇಲೆ ಗುಂಡು ಹಾರಿಸುವ ಗಡಿಬಿಡಿಯಲ್ಲಿ ಮೌಸ್ ಪಕ್ಕದ ಪರದೆಗೆ ಜಾರಿ, ಅಲ್ಲಿ ಕ್ಲಿಕ್ಕಾಗಿ, ಆಟ ಕೆಳಗೆ ಕೂತುಬಿಡುತ್ತದೆ. ಸೆಟ್ಟಿಂಗಿನಲ್ಲಿ ಮೌಸನ್ನು ಆಟದೊಳಗೇ ಕಟ್ಟಿಹಾಕುವ ಆಯ್ಕೆ ಇದ್ದರೆ ಹಾಕಿಕೊಳ್ಳಿ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಹೇಳಿಬಿಡುತ್ತೇನೆ. ಒಬ್ಬರು ಕೇಳಿದರು, ಮೂರರ ಬದಲು ಒಂದೇ ಅಲ್ಟ್ರಾವೈಡ್, ಅಂದರೆ ತುಂಬಾ ಅಗಲದ ಮಾನಿಟರ್, ಆಗಬಹುದಾ? 29 ಇಂಚಿನ 2560 ಗುಣಿಸು 1080ರದ್ದು ಸಾದಾ ಪರದೆಗಿಂತ ಮೂರನೇ ಒಂದು ಪಾಲು ಚುಕ್ಕೆ ಮಾತ್ರ ಜಾಸ್ತಿ. ಸಾಧಾರಣ ಕಾರ್ಡೂ ಎಳೆಯುತ್ತದೆ, ನಡುವೆ ಅಂಚಿನ ಗೆರೆ ಇಲ್ಲ, ನಾಲ್ಕಡಿ ಮೇಜಿಗೆ ಹೇಳಿ ಮಾಡಿಸಿದ್ದು. ಮೊದಲು 32 ಇಂಚು ದಾಟಿದ ಮಾನಿಟರಿಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರಿನಿಂದ ಅದೂ 18ಕ್ಕೆ ಇಳಿದಿದೆ, ಹಾಗಾಗಿ 34 ಇಂಚಿನದನ್ನೂ ಒಮ್ಮೆ ವಿಚಾರಿಸಿ. ಕನ್ನಡಿ ನೋಡುವ ನನ್ನ ಬಸ್ ಡ್ರೈವರಿಗೆ ಮಾತ್ರ ಅದು ಒಗ್ಗುವುದಿಲ್ಲ.

ಇನ್ನೊಬ್ಬರು ಹಳೆಯ ಕಾರ್ಡ್ ಬಗ್ಗೆ ಕೇಳಿದರು. ಆರ್‌ಎಕ್ಸ್ 580 ಅಂತ ಅಗ್ಗಕ್ಕೆ ಸಿಗುವುದರಲ್ಲಿ 2048ಎಸ್‌ಪಿ ಅನ್ನುವ ಒಂದು ಬಗೆ ಇದೆ. ಅದು ಹೆಸರಿಗೆ 580, ಒಳಗೆ 570. ಎನ್‌ವಿಡಿಯಾದ 10ರ ಸಾಲಿನ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿತು. ಹಳೆಯದು ಕೊಂಡರೂ ಅದಕ್ಕಿಂತ ಈಚಿನದನ್ನು ಕೊಳ್ಳಿ. ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಜಿಪಿಯು-ಜೆಡ್ ಅನ್ನುವ, ಕಾರ್ಡಿನ ವಿವರ ತೋರಿಸುವ ಪ್ರೋಗ್ರಾಮ್ ಹಾಕಿಕೊಂಡು ಹೋಗಿ. ಬೇರೆ ಹೆಸರಿನ ಬಯಾಸ್ ತುಂಬಿದ ಕಾರ್ಡಾದರೆ ಅದು ಹೆಸರಿನ ಪಕ್ಕದಲ್ಲೇ ನಕಲಿ ಅಂತ ಬರೆದು ತೋರಿಸುತ್ತದೆ. ಜೊತೆಗೆ ಎಲ್ಲ ಪೋರ್ಟಿಗೂ ಒಂದೊಂದಾಗಿ ಕೇಬಲ್ ಚುಚ್ಚಿ ಚಿತ್ರ ಬರುತ್ತದಾ ನೋಡಿ. ಒಂದು ಪರದೆಯವನು ಸತ್ತ ಪೋರ್ಟನ್ನು ವರ್ಷಗಟ್ಟಲೆ ಗಮನಿಸಿರುವುದಿಲ್ಲ.

ಕೇಬಲ್ಲಿನ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ 20ನೇ ಪಿನ್ ಎರಡು ತುದಿಗೂ ಸೇರಿರಬಾರದು. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಸೇರಿಸಿಬಿಟ್ಟಿರುತ್ತಾರೆ. ಆಗ ಕಂಪ್ಯೂಟರ್ ಆರಿಸಿದ ಮೇಲೂ ಮಾನಿಟರಿನಿಂದ ಕಾರ್ಡಿಗೆ ಕರೆಂಟ್ ಹರಿಯುತ್ತದೆ, ಮರುದಿನ ಕಂಪ್ಯೂಟರ್ ಏಳಲು ತಕರಾರು ಮಾಡುತ್ತದೆ. ಬೋರ್ಡ್ ಹೋಯಿತು ಅಂತ ಹೊಸದು ಕೊಳ್ಳುವ ಮೊದಲು ಆ ಕೇಬಲ್ ಕಿತ್ತು, ಒಮ್ಮೆ ಬಟನ್ ಒತ್ತಿ ನೋಡಿ.